ವೇಗ ಕೊನೆಗೆ ಬರಲಿ

ಪ್ರಶ್ನೆ: ನನಗೆ 38 ವರ್ಷ. ದಿನವಿಡೀ ಕೂತು ಮಾಡುವ ಕೆಲಸ. ಏಳು ತಿಂಗಳ ಹಿಂದೆ ಹೈ ಇಂಟೆನ್ಸಿಟಿ ಫಂಕ್ಷನಲ್ ಫಿಟ್‌ನೆಸ್ ಕ್ಲಾಸಿಗೆ ಸೇರಿದೆ. ವಾರಕ್ಕೆ ಆರು ದಿನ ಹೋಗುತ್ತೇನೆ. ಮೊದಲ ಮೂರು ತಿಂಗಳು ಮೈಯೆಲ್ಲ ಹಗುರಾದ ಹಾಗಿತ್ತು. ಪ್ರತಿ ವಾರ ಏನಾದರೂ ಸುಧಾರಣೆ ಕಾಣುತ್ತಿತ್ತು. ಈಗ ಎಲ್ಲ ನಿಂತುಹೋಗಿದೆ. ಬಲ ಭುಜ ನೋಯುತ್ತದೆ, ನಿದ್ದೆ ಸರಿಯಾಗಿ ಬರುವುದಿಲ್ಲ. ಬೋರ್ಡಿನ ಮೇಲೆ ಬರೆದದ್ದಕ್ಕಿಂತ ಕಡಿಮೆ ತೂಕ ಎತ್ತಲು ನಾಚಿಕೆ. ದಿನಾ ಬೇರೆ ಬೇರೆ ವ್ಯಾಯಾಮ, ದಿನಾ ನೆಲದ ಮೇಲೆ ಬಿದ್ದುಕೊಳ್ಳುವಷ್ಟು ಸುಸ್ತು. ಇದರ ಹಿಂದೆ ಏನಾದರೂ ಮೂಲತತ್ವ ಇದೆಯಾ? ಅಥವಾ ಸುಮ್ನೆ ಸುಸ್ತು ಮಾಡಿಸುವುದೇ ಗುರಿಯಾ?

ಉತ್ತರ: ತತ್ವ ಖಂಡಿತ ಇದೆ. ನಿಮ್ಮ ಪತ್ರ ಓದಿದರೆ, ಅದನ್ನು ನಿಮಗೆ ಯಾರೂ ಹೇಳಿಕೊಟ್ಟ ಹಾಗೆ ಕಾಣುವುದಿಲ್ಲ. ಇದು ನಿಮ್ಮ ತಪ್ಪಲ್ಲ. ಈ ಬಗೆಯ ಕ್ಲಾಸುಗಳಲ್ಲಿ ಕಣ್ಣಿಗೆ ಬೀಳುವುದು ಗಡಿಯಾರ, ಬೆವರು, ಸಂಗೀತ. ಇವೆಲ್ಲದರ ಹಿಂದೆ ಇರಬೇಕಾದ ಲೆಕ್ಕಾಚಾರ ಕಣ್ಣಿಗೆ ಬೀಳುವುದಿಲ್ಲ.

ಈ ಪದ್ಧತಿಯ ತುಂಬ ಹೆಸರಾದ ರೂಪ ಕ್ರಾಸ್‌ಫಿಟ್. ಗ್ರೆಗ್ ಗ್ಲಾಸ್ಮನ್ ಮತ್ತು ಲಾರೆನ್ ಜೆನಾಯ್ 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆ ಕಂಪನಿ ಶುರು ಮಾಡಿದರು. ಅವರ ವ್ಯಾಖ್ಯೆಯಲ್ಲಿ ಮೂರು ಮಾತುಗಳಿವೆ: ಬದುಕಿಗೆ ಉಪಯೋಗವಾಗುವ ಚಲನೆಗಳು, ಸದಾ ಬದಲಾವಣೆ, ಹೆಚ್ಚಿನ ತೀವ್ರತೆ. ಬೇರೆ ಹೆಸರಿನ ಕ್ಲಾಸುಗಳೂ ಹೆಚ್ಚುಕಡಿಮೆ ಇದೇ ಮೂರು ಕಾಲಿನ ಮೇಲೆ ನಿಂತಿವೆ. ತೊಂದರೆ ಏನೆಂದರೆ, ಮೂರೂ ಮಾತುಗಳನ್ನು ಜನ ತಪ್ಪಾಗಿಯೇ ಅರ್ಥ ಮಾಡಿಕೊಳ್ಳುತ್ತಾರೆ. ಅದರಲ್ಲೂ ತೀವ್ರತೆಯನ್ನು.

ಚಲನೆಯ ಮಾತನ್ನು ಬೇಗ ಮುಗಿಸುತ್ತೇನೆ. ಕುರ್ಚಿಯಿಂದ ಏಳುವುದು ಒಂದು ಬಸ್ಕಿ, ಅಂದರೆ ಸ್ಕ್ವಾಟ್. ನೆಲದ ಮೇಲಿನ ಚೀಲ ಎತ್ತುವುದು ಡೆಡ್‌ಲಿಫ್ಟ್. ಅದನ್ನು ಅಟ್ಟದ ಮೇಲೆ ಇಡುವುದು ಪ್ರೆಸ್. ಇವುಗಳಲ್ಲಿ ಹಲವು ಕೀಲುಗಳು ಒಟ್ಟಿಗೆ ದುಡಿಯುತ್ತವೆ. ಸೊಂಟ ಮತ್ತು ತೊಡೆಯಿಂದ ಬಲ ಹುಟ್ಟಿ ಕೈಕಾಲುಗಳ ತುದಿಗೆ ಹರಿಯುತ್ತದೆ. ಆದ್ದರಿಂದಲೇ ಹೆಚ್ಚು ಭಾರವನ್ನು ಹೆಚ್ಚು ದೂರ, ಬೇಗ ಸಾಗಿಸಲು ಆಗುತ್ತದೆ. ಅಲುಗಾಡುವ ಚೆಂಡಿನ ಮೇಲೆ ಒಂಟಿ ಕಾಲಲ್ಲಿ ನಿಂತು ಡಂಬ್‌ಬೆಲ್ ಎತ್ತುವ ಸರ್ಕಸ್ಸಿಗೆ ಫಂಕ್ಷನಲ್ ಅನ್ನುವ ಹೆಸರು ಹೇಗೆ ಅಂಟಿಕೊಂಡಿತೋ ನನಗೆ ಅರ್ಥವಾಗಿಲ್ಲ. ಒಂದೇ ಸ್ನಾಯುವಿಗೆ ಕೆಲಸ ಕೊಡುವ ಮೆಷಿನ್‌ಗಳು ಕೆಟ್ಟವು ಅಂತಲೂ ಅಲ್ಲ. ಗಾಯದಿಂದ ಚೇತರಿಸಿಕೊಳ್ಳುವಾಗ ಅವು ತುಂಬ ಕೆಲಸಕ್ಕೆ ಬರುತ್ತವೆ.

ಈಗ ತೀವ್ರತೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಿಮ್ಮ ನಾಚಿಕೆಗೆ ಉತ್ತರ ಇರುವುದು ಇಲ್ಲೇ.

ಎಷ್ಟು ಸುಸ್ತಾಯಿತು ಅನ್ನುವುದು ತೀವ್ರತೆಯ ಅಳತೆಯಲ್ಲ. ಈ ಪದ್ಧತಿಯಲ್ಲಿ ಅದನ್ನು ಶಾಲೆಯಲ್ಲಿ ಕಲಿತ ಭೌತಶಾಸ್ತ್ರದ ರೀತಿಯಲ್ಲೇ ಅಳೆಯುತ್ತಾರೆ: ಮಾಡಿದ ಕೆಲಸವನ್ನು ಹಿಡಿದ ಸಮಯದಿಂದ ಭಾಗಿಸಿ. ಒಂದು ಲೆಕ್ಕ ಹಾಕೋಣ. 60 ಕಿಲೋ ಬಾರ್‌ಬೆಲ್ಲನ್ನು ಡೆಡ್‌ಲಿಫ್ಟಿನಲ್ಲಿ ಅರ್ಧ ಮೀಟರ್ ಎತ್ತಿದಿರಿ ಅಂದುಕೊಳ್ಳಿ. ಒಂದು ಸಲಕ್ಕೆ ಸುಮಾರು 294 ಜೌಲ್ ಕೆಲಸ. 30 ಸಲ ಎತ್ತಿದರೆ 8,820 ಜೌಲ್. ಎರಡು ನಿಮಿಷದಲ್ಲಿ ಮುಗಿಸಿದರೆ ಸರಾಸರಿ 73 ವ್ಯಾಟ್. ಈಗ ಪಕ್ಕದವರನ್ನು ನೋಡಿ ನೀವೂ 80 ಕಿಲೋ ಹಾಕಿಕೊಂಡಿರಿ. ಐದು ಸಲ ಎತ್ತಿದ ಮೇಲೆ ಬಾರ್ ಬಿಟ್ಟು, ಸೊಂಟದ ಮೇಲೆ ಕೈ ಇಟ್ಟು ನಿಂತಿರಿ. ಮತ್ತೆ ಮೂರು, ಮತ್ತೆ ವಿಶ್ರಾಂತಿ. ಹೀಗೆ 30 ಮುಗಿಸಲು ಐದು ನಿಮಿಷ ಹಿಡಿಯಿತು. ಒಟ್ಟು ಕೆಲಸ 11,760 ಜೌಲ್, ಆದರೆ ಸರಾಸರಿ ಬರೀ 39 ವ್ಯಾಟ್. ಬಾರ್ ಇಳಿಸುವ ಶ್ರಮ, ನಿಮ್ಮದೇ ಮೈಭಾರ, ಇವನ್ನು ನಾನಿಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆದರೂ ವಿಷಯ ಸ್ಪಷ್ಟ ಅಲ್ವಾ? ತೂಕ ಹೆಚ್ಚಿಸಿದಿರಿ, ಸುಸ್ತೂ ಹೆಚ್ಚಾಯಿತು, ತೀವ್ರತೆ ಮಾತ್ರ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು.

ಹಾಗಾಗಿ ಎತ್ತುವ ತೂಕ ಇಳಿಸಿಕೊಳ್ಳುವುದು ಸೋಲಲ್ಲ. ಎಷ್ಟೋ ಸಲ ತೀವ್ರತೆ ಹೆಚ್ಚಿಸಲು ಇರುವ ದಾರಿಯೇ ಅದು. ಕೋಚ್‌ಗಳು ಇದನ್ನು ಸ್ಕೇಲ್ ಮಾಡುವುದು ಅನ್ನುತ್ತಾರೆ. 'ಫ್ರಾನ್' ಅನ್ನುವ ಪ್ರಸಿದ್ಧ ವರ್ಕೌಟ್ ಹೆಸರು ನೀವು ಕೇಳಿರಬಹುದು. ಥ್ರಸ್ಟರ್ ಮತ್ತು ಪುಲ್‌ಅಪ್, ಎರಡನ್ನೂ ಮೊದಲು 21 ಸಲ, ಆಮೇಲೆ 15, ಕೊನೆಗೆ 9. ಥ್ರಸ್ಟರ್ ಅಂದರೆ ಬಾರ್ ಹಿಡಿದು ಬಸ್ಕಿ ಹೊಡೆದು, ಏಳುವ ರಭಸದಲ್ಲೇ ಅದನ್ನು ತಲೆಯ ಮೇಲಕ್ಕೆ ತಳ್ಳುವುದು. ಪುಲ್‌ಅಪ್ ಅಂದರೆ ಕಂಬಿಗೆ ನೇತಾಡಿ ಮೈಯನ್ನು ಮೇಲಕ್ಕೆ ಎಳೆದುಕೊಳ್ಳುವುದು. ಬೋರ್ಡಿನ ಮೇಲೆ ಗಂಡಸರಿಗೆ 43 ಕಿಲೋ, ಹೆಂಗಸರಿಗೆ 30 ಕಿಲೋ ಅಂತ ಬರೆದಿರುತ್ತದೆ. ಪಳಗಿದವರು ಇದನ್ನು ಮೂರು ನಿಮಿಷದ ಒಳಗೆ ಮುಗಿಸುತ್ತಾರೆ. ಅದು ಉಸಿರು ಕಟ್ಟಿಸುವ, ಚಿಕ್ಕ, ಚುರುಕಾದ ವರ್ಕೌಟ್. ಅದೇ ತೂಕ ಇಟ್ಟುಕೊಂಡು ನೀವು 18 ನಿಮಿಷ ಒದ್ದಾಡಿದರೆ, ಬೋರ್ಡಿನ ಮೇಲಿನ ಅಕ್ಷರ ಅದೇ ಇರಬಹುದು, ನಿಮ್ಮ ಮೈಗೆ ಸಿಕ್ಕ ವರ್ಕೌಟ್ ಮಾತ್ರ ಬೇರೆಯೇ. ಅದನ್ನು 25 ಕಿಲೋ ಬಾರ್ ಮತ್ತು ರಿಂಗ್ ರೋ (ನೇತುಹಾಕಿದ ರಿಂಗ್ ಹಿಡಿದು, ಓರೆಯಾಗಿ ನಿಂತು ಮೈ ಎಳೆದುಕೊಳ್ಳುವುದು) ಇಟ್ಟುಕೊಂಡು ಆರು ನಿಮಿಷದಲ್ಲಿ ಮುಗಿಸಿದವರು ಫ್ರಾನ್‌ಗೆ ನಿಮಗಿಂತ ಹತ್ತಿರ ಇದ್ದಾರೆ.

ಇದಕ್ಕೆ ಕಾರಣ ದೇಹ ಶಕ್ತಿ ಹುಟ್ಟಿಸುವ ಬಗೆಯಲ್ಲಿದೆ. ಸ್ನಾಯುವಿನಲ್ಲಿ ಕೂಡಿಟ್ಟ ಫಾಸ್ಫೇಟ್ ಸುಮಾರು ಹತ್ತು ಸೆಕೆಂಡಿನ ಗರಿಷ್ಠ ಬಲಕ್ಕೆ ಸಾಕಾಗುತ್ತದೆ. ಅದಾದ ಮೇಲೆ ಒಂದೆರಡು ನಿಮಿಷದ ತನಕ, ಆಮ್ಲಜನಕಕ್ಕೆ ಕಾಯದೆ ಸಕ್ಕರೆಯನ್ನು ಒಡೆಯುವ ದಾರಿಯದ್ದು ಮುಖ್ಯ ಪಾತ್ರ. ತೊಡೆ ಉರಿಯುತ್ತದಲ್ಲ, ಆ ಹೊತ್ತು. ಅದಕ್ಕೂ ಮುಂದೆ ಹೋದರೆ ಆಮ್ಲಜನಕದ ದಾರಿ. ಮೂರೂ ಮೊದಲಿಂದಲೇ ನಡೆಯುತ್ತಿರುತ್ತವೆ, ಯಾರ ಪಾಲು ಎಷ್ಟು ಅನ್ನುವುದಷ್ಟೇ ಬದಲಾಗುತ್ತದೆ. ಒಳ್ಳೆಯ ಕಾರ್ಯಕ್ರಮ ಈ ಮೂರಕ್ಕೂ ಸರದಿಯ ಮೇಲೆ ಕೆಲಸ ಕೊಡುತ್ತದೆ. ಒಂದು ದಿನ ಹೆಚ್ಚು ಭಾರವನ್ನು ಮೂರು ಸಲ ಎತ್ತುವುದು, ಮಧ್ಯೆ ಮೂರರಿಂದ ಐದು ನಿಮಿಷ ಸುಮ್ಮನೆ ಕೂರುವುದು. ಇನ್ನೊಂದು ದಿನ ಐದು ನಿಮಿಷದ ಬಿರುಸಿನ ಕೆಲಸ. ಮತ್ತೊಂದು ದಿನ 25 ನಿಮಿಷ ಒಂದೇ ಹದದಲ್ಲಿ. ದಿನಾ 20 ನಿಮಿಷ ಬಿಡುವಿಲ್ಲದೆ ಏದುಸಿರು ಬಿಡಿಸಿದರೆ ಏನಾಗುತ್ತದೆ? ಭಾರ ಎತ್ತುವ ಬಲವೂ ಬರುವುದಿಲ್ಲ, ನಿಜವಾದ ವೇಗವೂ ಬರುವುದಿಲ್ಲ. ಎರಡರ ನಡುವಿನ ಮಸುಕಿನಲ್ಲಿ ಸಿಕ್ಕಿಕೊಳ್ಳುತ್ತೀರಿ. ನಿಮ್ಮ ಪತ್ರ ನೋಡಿದರೆ ನೀವು ಈಗ ಅಲ್ಲೇ ಇದ್ದೀರಿ ಅನ್ನಿಸುತ್ತದೆ.

ತೀವ್ರತೆ ಅನ್ನುವ ಪದ ಎಷ್ಟು ಸವೆದುಹೋಗಿದೆ ಅನ್ನುವುದಕ್ಕೆ ತಬಾತಾ ಅನ್ನುವ ವ್ಯಾಯಾಮ ಪದ್ಧತಿ ಒಳ್ಳೆಯ ಉದಾಹರಣೆ. ಜಪಾನಿನ ವಿಜ್ಞಾನಿ ಇಜುಮಿ ತಬಾತಾ ಮತ್ತು ಸಂಗಡಿಗರು 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಿಂತಲ್ಲೇ ತುಳಿಯುವ ಸೈಕಲ್ ಮೇಲೆ 20 ಸೆಕೆಂಡ್ ಕೆಲಸ, 10 ಸೆಕೆಂಡ್ ಬಿಡುವು, ಹೀಗೆ ಏಳೆಂಟು ಸಲ. ಶ್ರಮದ ಮಟ್ಟ ಎಷ್ಟು ಗೊತ್ತಾ? ಗರಿಷ್ಠ ಆಮ್ಲಜನಕ ಬಳಕೆಗೆ ಬೇಕಾಗುವ ಮಟ್ಟದ ಸುಮಾರು 170%. ಎಂಟನೆಯದರ ಹೊತ್ತಿಗೆ ಪೆಡಲ್ ತುಳಿಯಲಿಕ್ಕೇ ಆಗುತ್ತಿರಲಿಲ್ಲ. ಆರು ವಾರದಲ್ಲಿ, ಅಧ್ಯಯನದಲ್ಲಿ ಭಾಗವಹಿಸಿದ ಹುಡುಗರ ಆಮ್ಲಜನಕ ಬಳಸುವ ಸಾಮರ್ಥ್ಯವೂ ಏರಿತು, ಆಮ್ಲಜನಕವಿಲ್ಲದೆ ಕೆಲಸ ಮಾಡುವ ಸಾಮರ್ಥ್ಯವೂ 28% ಏರಿತು. ಇನ್ನೊಂದು ಗುಂಪು ಮಧ್ಯಮ ಶ್ರಮದಲ್ಲಿ ಒಂದೊಂದು ಗಂಟೆ ಸೈಕಲ್ ತುಳಿಯಿತು. ಅವರಲ್ಲಿ ಮೊದಲನೆಯದು ಮಾತ್ರ ಏರಿತು. ಇನ್ನೊಂದು ವಿಷಯ, ಈ ಪದ್ಧತಿ ತಬಾತಾ ಕಂಡುಹಿಡಿದದ್ದೂ ಅಲ್ಲ. ಸ್ಪೀಡ್ ಸ್ಕೇಟಿಂಗ್ ತಂಡಕ್ಕೆ ಅದರ ಕೋಚ್ ಇರಿಸಾವಾ ಕೋಯಿಚಿ ಮಾಡಿಸುತ್ತಿದ್ದದ್ದನ್ನು ಅವರು ಪ್ರಯೋಗಾಲಯದಲ್ಲಿ ಅಳೆದು ನೋಡಿದರು, ಅಷ್ಟೆ. ಈಗ ಎಲ್ಲೆಡೆ 'ನಲವತ್ತು ನಿಮಿಷದ ತಬಾತಾ ಕ್ಲಾಸ್' ಅಂತ ನಡೆಯುತ್ತದೆ. ನಾಲ್ಕು ನಿಮಿಷದ ಮೇಲೆ ಇನ್ನೂ 36 ನಿಮಿಷ ಮಾಡಲು ಆಗುತ್ತದೆ ಅಂದರೆ ಮೊದಲ ನಾಲ್ಕು ನಿಮಿಷ ತಬಾತಾ ಆಗಿರಲಿಲ್ಲ.

ಹಾಗಾದರೆ ನಾಳೆಯಿಂದ ಜೀವ ಹೋಗುವ ಹಾಗೆ ಮಾಡಬೇಕಾ? ಬೇಡ. ತೀವ್ರತೆಗೆ ಒಂದು ಸರದಿ ಇದೆ, ಅದು ಬರುವುದು ಕೊನೆಗೆ. ಮೊದಲು ಚಲನೆ ಸರಿಯಾಗಬೇಕು. ಆಮೇಲೆ ಅದು ಪ್ರತಿ ಸಲವೂ ಸರಿಯಾಗಿಯೇ ಬರಬೇಕು. ಆಮೇಲೆ ವೇಗ ಮತ್ತು ಭಾರ. ಗ್ಲಾಸ್ಮನ್ ಅವರ ಕಾಲದಿಂದಲೂ ಕೋಚ್‌ಗಳಿಗೆ ಕಲಿಸುವ ಮೊದಲ ಪಾಠ ಇದೇ. ಕ್ಲಾಸಿನಲ್ಲಿ ಗಡಿಯಾರ ಶುರುವಾದ ಕೂಡಲೇ ಗಾಳಿಗೆ ಹಾರಿಹೋಗುವ ಪಾಠವೂ ಇದೇ. ಸರಿಯಾಗಿ ಬಸ್ಕಿ ಹೊಡೆಯಲು ಬಾರದವರಿಗೆ ತಲೆಯ ಮೇಲೆ ಬಾರ್ ಹಿಡಿಸಿ ಓಡಿಸುವುದು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ.

ಚಲನೆ ನೂರಕ್ಕೆ ನೂರು ಸರಿಯಾಗುವ ತನಕ ವೇಗ ಮುಟ್ಟಲೇಬಾರದು ಅಂತಲೂ ನಾನು ಹೇಳುವುದಿಲ್ಲ. ಕೈಬರಹ ನೆನಪಿಸಿಕೊಳ್ಳಿ. ಪರೀಕ್ಷೆಯಲ್ಲಿ ಬೇಗ ಬರೆಯುವಾಗ ಅಕ್ಷರ ಸ್ವಲ್ಪ ಕೆಡುತ್ತದೆ. ಓದಲು ಬಂದರೆ ಪರವಾಗಿಲ್ಲ. ಓದಲೇ ಬಾರದಿದ್ದರೆ ಬೇಗ ಬರೆದು ಏನು ಪ್ರಯೋಜನ? ವ್ಯಾಯಾಮದಲ್ಲಿ ನಾನು ಬಳಸುವ ಗುರುತು ಇದು: ನಿಮ್ಮ ಕೊನೆಯ ಐದು ರೆಪ್ಸ್ (ಒಂದು ಸಲ ಮಾಡಿದರೆ ಒಂದು ರೆಪ್) ವಿಡಿಯೊ ಮಾಡಿಸಿ, ಮೊದಲ ಐದರ ಪಕ್ಕ ಇಟ್ಟು ನೋಡಿ. ನಿಧಾನವಾಗಿದ್ದರೆ ಚಿಂತೆಯಿಲ್ಲ. ಬೆನ್ನು ಗೂನಾಗಿದ್ದರೆ, ಮಂಡಿ ಒಳಕ್ಕೆ ಬಾಗಿದ್ದರೆ, ಹಿಮ್ಮಡಿ ಎದ್ದಿದ್ದರೆ ತೂಕ ಇಳಿಸಿ ಅಥವಾ ವೇಗ ಇಳಿಸಿ. ಆ ದಿನ ನೀವು ಎಷ್ಟು ಹುರುಪಿನಲ್ಲಿದ್ದರೂ ಅಷ್ಟೇ.

ನಿಮ್ಮ ಭುಜದ ನೋವೂ ಇದೇ ಕಥೆ ಇರಬಹುದು. ಈ ಬಗೆಯ ತರಬೇತಿಯಲ್ಲಿ ಭುಜ, ಕೆಳಬೆನ್ನು, ಮಂಡಿ, ಇವೇ ಹೆಚ್ಚಾಗಿ ನೋಯುವ ಜಾಗಗಳು. ಮೈ ತೂಗಿ ಮಾಡುವ ಕಿಪ್ಪಿಂಗ್ ಪುಲ್‌ಅಪ್ ಮಾಡುತ್ತಿದ್ದೀರಾ? ತೂಗದೆ, ಬರೀ ಬಲದಿಂದ ಐದು ಪುಲ್‌ಅಪ್ ಮಾಡಲು ಬಾರದವರಿಗೆ ನಾನು ಕಿಪ್ಪಿಂಗ್ ಕಲಿಸುವುದೇ ಇಲ್ಲ. ಸ್ನಾಯು ಬೇಗ ಬಲವಾಗುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ನಿಧಾನ, ಅದಕ್ಕೆ ತಿಂಗಳುಗಳು ಬೇಕು. ಮೂರನೇ ತಿಂಗಳಲ್ಲಿ ಮೈಯಲ್ಲಿ ಬಲ ಬಂದ ಹಾಗೆ ಅನ್ನಿಸಿ ಹೊರೆ ಏರಿಸುತ್ತೇವೆ, ಐದನೇ ತಿಂಗಳಲ್ಲಿ ಕೀಲು ದೂರು ಹೇಳುತ್ತದೆ. ಸದ್ಯಕ್ಕೆ ನೇತಾಡುವುದು ಮತ್ತು ತಲೆಯ ಮೇಲೆ ಎತ್ತುವುದು ನಿಲ್ಲಿಸಿ. ಕಾಲಿನ ಕೆಲಸ ಮುಂದುವರಿಸಿ, ನೋಯದಿದ್ದರೆ ರೋಯಿಂಗ್ ಕೂಡ. ರಾತ್ರಿ ಮಲಗಿದಾಗ ನೋವು ಎಬ್ಬಿಸುತ್ತಿದ್ದರೆ, ಕೈ ಎತ್ತಲು ಬಲವಿಲ್ಲ ಅನ್ನಿಸಿದರೆ, ಅಥವಾ ಎರಡು ವಾರದಲ್ಲಿ ತಗ್ಗದಿದ್ದರೆ ವೈದ್ಯರಿಗೋ ಫಿಸಿಯೊಥೆರಪಿಸ್ಟ್‌ಗೋ ತೋರಿಸಿ. ಪತ್ರ ಓದಿ ಭುಜ ನೋಡಲು ನನಗೆ ಬಾರದು.

ಇನ್ನು ಸುಧಾರಣೆ ನಿಂತದ್ದು. ಮೊದಲ ಕೆಲವು ವಾರ ಬಲ ಹೆಚ್ಚುವುದು ಮುಖ್ಯವಾಗಿ ನರಮಂಡಲ ಕಲಿಯುವುದರಿಂದ. ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸಿಕೊಳ್ಳಲು ಮೆದುಳು ಕಲಿಯುತ್ತದೆ. ಆಗ ಏನು ಮಾಡಿದರೂ ಸುಧಾರಿಸುತ್ತೀರಿ, ಯಾವ ಕೋಚ್ ಸಿಕ್ಕರೂ ಒಳ್ಳೆಯವರಂತೆ ಕಾಣುತ್ತಾರೆ. ಆ ಸುಗ್ಗಿ ಮುಗಿದ ಮೇಲೆ ದೇಹ ಲೆಕ್ಕ ಕೇಳುತ್ತದೆ: ಹೋದ ವಾರಕ್ಕಿಂತ ಈ ವಾರ ಜಾಸ್ತಿ ಏನು ಕೊಟ್ಟೆ?

'ಸದಾ ಬದಲಾವಣೆ' ಕೈಕೊಡುವುದು ಇಲ್ಲೇ. ಬದಲಾವಣೆ ಅಂದರೆ ಚೀಟಿ ಎತ್ತುವುದಲ್ಲ. ಸೋಮವಾರ ಬರ್ಪೀ, ಮಂಗಳವಾರ ಬಾಕ್ಸ್ ಜಂಪ್, ಬುಧವಾರ ಮತ್ತೇನೋ ಅಂತ ದಿನಾ ಹೊಸದು ಬಂದರೆ ಬೇಜಾರಾಗುವುದಿಲ್ಲ, ನಿಜ. ಆದರೆ ಬಲ ಬೆಳೆಯಬೇಕಾದರೆ ಅದೇ ಚಲನೆ ಮತ್ತೆ ಮತ್ತೆ ಬರಬೇಕು, ಸ್ವಲ್ಪ ಸ್ವಲ್ಪ ಭಾರ ಏರುತ್ತಾ ಬರಬೇಕು. ಸ್ಕ್ವಾಟ್, ಡೆಡ್‌ಲಿಫ್ಟ್, ತಳ್ಳುವ ಒಂದು ವ್ಯಾಯಾಮ, ಎಳೆಯುವ ಒಂದು ವ್ಯಾಯಾಮ. ಈ ನಾಲ್ಕು ಪ್ರತಿ ವಾರ ಇರಲಿ. ಬದಲಾವಣೆ ಬೇಕಾದಷ್ಟನ್ನು ಅವುಗಳ ಸುತ್ತ ಮಾಡಿಕೊಳ್ಳಿ: ಹೊತ್ತು, ಎಣಿಕೆ, ಜೋಡಿ ಬದಲಿಸಿ. ಒಂದು ನೋಟ್‌ಪುಸ್ತಕ ಇಡಿ. ತೂಕ, ರೆಪ್ಸ್, ಎಷ್ಟು ಕಷ್ಟ ಅನ್ನಿಸಿತು ಅಂತ ಹತ್ತಕ್ಕೆ ಒಂದು ಅಂಕ. ಏಳು ತಿಂಗಳು ಕ್ಲಾಸಿಗೆ ಹೋದವರನ್ನು 'ನಿಮ್ಮ ಡೆಡ್‌ಲಿಫ್ಟ್ ಜನವರಿಯಲ್ಲಿ ಎಷ್ಟಿತ್ತು?' ಅಂತ ಕೇಳಿದರೆ ಮುಕ್ಕಾಲು ಪಾಲು ಜನ ಮುಖ ಮುಖ ನೋಡುತ್ತಾರೆ.

ಈಗ ಆರು ದಿನದ ವಿಚಾರ. ವ್ಯಾಯಾಮ ಮಾಡುವಾಗ ಬಲ ಬೆಳೆಯುವುದಿಲ್ಲ, ಚೇತರಿಸಿಕೊಳ್ಳುವಾಗ ಬೆಳೆಯುತ್ತದೆ. ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲೇ ಒತ್ತಡಕ್ಕೆ ದೇಹದ ಪ್ರತಿಕ್ರಿಯೆಯನ್ನು ವಿವರಿಸಿದ್ದರು. ಮೊದಲು ಗಾಬರಿ, ಆಮೇಲೆ ಎದುರಿಸುವ ಹಂತ, ಒತ್ತಡ ಬಿಡದಿದ್ದರೆ ಬಳಲಿಕೆ. ಅವರು ಜಿಮ್ ಬಗ್ಗೆ ಹೇಳಿದ್ದಲ್ಲ, ಆದರೆ ತರಬೇತಿಯವರು ಆ ವಿಚಾರವನ್ನು ಆಮೇಲೆ ತಮ್ಮದಾಗಿ ಮಾಡಿಕೊಂಡರು. ನಿದ್ದೆ ಕೆಟ್ಟಿದೆ, ಸುಧಾರಣೆ ನಿಂತಿದೆ, ನೋವು ಹೋಗುತ್ತಿಲ್ಲ. ಇವು ಮೂರನೇ ಹಂತದ ಬಾಗಿಲಲ್ಲಿ ನಿಂತವರ ಲಕ್ಷಣ. ಬೆಳಿಗ್ಗೆ ಎದ್ದ ಕೂಡಲೇ ನಾಡಿ ಎಣಿಸಿ ಬರೆದಿಡಿ. ನಿಮ್ಮ ಮಾಮೂಲಿ ಎಣಿಕೆಗಿಂತ ಏಳೆಂಟು ಹೆಚ್ಚಾಗಿ ಹಲವು ದಿನ ಹಾಗೇ ಉಳಿದರೆ ಆ ದಿನಗಳಲ್ಲಿ ಬಿರುಸಿನ ವ್ಯಾಯಾಮ ಬೇಡ.

ಆರೋಗ್ಯಕ್ಕೆ ಆರು ದಿನ ಬೇಕಾಗಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ, ಅಥವಾ 75ರಿಂದ 150 ನಿಮಿಷ ಬಿರುಸಿನದು, ಜೊತೆಗೆ ಎರಡು ದಿನವಾದರೂ ಸ್ನಾಯು ಬಲದ ವ್ಯಾಯಾಮ. ಮುಂದಿನ ಎಂಟು ವಾರ ನೀವು ಕ್ಲಾಸಿಗೆ ಮೂರೇ ದಿನ ಹೋಗಿ. ಅದರಲ್ಲೂ ನಿಜವಾಗಿ ಬಿರುಸಾಗಿರುವುದು ಎರಡು ದಿನ ಸಾಕು. ಮೂರನೆಯ ದಿನ ಭಾರ ಎತ್ತಿ, ಬಿಡುವು ಕೊಟ್ಟು, ನಿಧಾನವಾಗಿ. ಮಿಕ್ಕ ದಿನಗಳಲ್ಲಿ ಎರಡು ದಿನ 40 ನಿಮಿಷ ನಡಿಗೆ ಅಥವಾ ಸೈಕಲ್, ಪಕ್ಕದವರ ಜೊತೆ ಆರಾಮಾಗಿ ಮಾತಾಡಲು ಆಗುವ ವೇಗದಲ್ಲಿ. ಮಾತಾಡಲು ಆಗುತ್ತದಾ ಅನ್ನುವ ಪರೀಕ್ಷೆಯನ್ನು ನಾನು ಕೈಗಡಿಯಾರದ ಅಂಕಿಗಿಂತ ಹೆಚ್ಚು ನಂಬುತ್ತೇನೆ. 220ರಿಂದ ವಯಸ್ಸು ಕಳೆಯುವ ಲೆಕ್ಕದಲ್ಲಿ ನಿಮ್ಮ ಗರಿಷ್ಠ ನಾಡಿ 182. ಆದರೆ ಒಬ್ಬರಿಂದ ಒಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲಿ.

ಒಂದು ಎಚ್ಚರಿಕೆ ಹೇಳಲೇಬೇಕು. ನಾನು ಹೊಸಬನಾಗಿದ್ದಾಗ, ಆರು ವಾರ ರಜೆ ಮಾಡಿ ಬಂದ ಮೊದಲ ದಿನವೇ ಗೆಳೆಯರ ಜೊತೆ ಪಂದ್ಯ ಕಟ್ಟಿ ನೂರು ಪುಲ್‌ಅಪ್ ಮಾಡಿದೆ. ಮೂರು ದಿನ ಮೊಣಕೈ ನೆಟ್ಟಗಾಗಲಿಲ್ಲ, ತಲೆ ಬಾಚಿಕೊಳ್ಳಲು ಆಗಲಿಲ್ಲ. ಅಷ್ಟಕ್ಕೇ ಮುಗಿದದ್ದು ನನ್ನ ಅದೃಷ್ಟ. ಅತಿಯಾದ ಹೊರೆಗೆ ಸ್ನಾಯುವಿನ ಜೀವಕೋಶ ಒಡೆದು, ಅದರೊಳಗಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೊಡೆತ ಕೊಡಬಹುದು. ಇದಕ್ಕೆ ರಾಬ್ಡೊಮಯೊಲಿಸಿಸ್ ಅನ್ನುತ್ತಾರೆ. ಅಪರೂಪ, ಆದರೆ ಅಪಾಯ. ಬಿಡುವಿನ ನಂತರ ಹಳೆಯ ಜೋರಿನಲ್ಲೇ ಶುರು ಮಾಡುವವರಿಗೆ, ಸೆಕೆಯಲ್ಲಿ ಮಾಡುವವರಿಗೆ ಸಾಧ್ಯತೆ ಜಾಸ್ತಿ. ಮಾಮೂಲಿಗಿಂತ ತೀರಾ ಹೆಚ್ಚಾದ ನೋವು, ಊತ, ಬಲಹೀನತೆ, ಕೋಲಾ ಬಣ್ಣದ ಮೂತ್ರ, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಹುಡುಕಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಇನ್ನು, ವ್ಯಾಯಾಮದ ನಡುವೆ ಎದೆನೋವು ಅಥವಾ ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ, ವೈದ್ಯರನ್ನು ಕಾಣಿ.

ಮುಂದಿನ ಸಲ ಕ್ಲಾಸಿಗೆ ಹೋದಾಗ, ಗಡಿಯಾರ ಶುರುವಾಗುವ ಮೊದಲು ಕೋಚ್ ಹತ್ತಿರ ಎರಡು ಪ್ರಶ್ನೆ ಕೇಳಿ. ಇದು ಎಷ್ಟು ನಿಮಿಷದಲ್ಲಿ ಮುಗಿಯಬೇಕು? ಎಷ್ಟು ರೆಪ್ಸ್ ನಿಲ್ಲಿಸದೆ ಒಟ್ಟಿಗೆ ಬರಬೇಕು? 'ಎಂಟು ನಿಮಿಷದ ಒಳಗೆ, ಹತ್ತು ಹತ್ತಾಗಿ' ಅಂದರೆ ನಿಮ್ಮ ತೂಕ ಆ ಉತ್ತರದಲ್ಲೇ ಸಿಕ್ಕಿತು. ಹತ್ತು ರೆಪ್ಸ್ ನೀಟಾಗಿ ಬರುವಷ್ಟು ಬಾರ್‌ಗೆ ಹಾಕಿಕೊಳ್ಳಿ, ಬೋರ್ಡ್ ಕಡೆ ನೋಡಬೇಡಿ. 'ಆದಷ್ಟು ಮಾಡಿ, ಸುಸ್ತಾಗಬೇಕು ಅಷ್ಟೇ' ಅನ್ನುವ ಉತ್ತರ ಮೂರು ಸಲ ಬಂದರೆ ಬೇರೆ ಕ್ಲಾಸ್ ಹುಡುಕಿಕೊಳ್ಳಿ.